ಖಾರಘರದಲ್ಲಿ ಸ್ವಾಹಿಲಿ ಹೋಮ

ಕಾಲಲ್ಲಿ ಚಕ್ರ, ಬಾಯಲ್ಲಿ ನಾಲ್ಕು ಭಾಷೆಯ ಚಿಲ್ಲರೆ ಇರುವವನಿಗೆ ಇಂಥದ್ದಲ್ಲದೆ ಇನ್ನೇನು ಗಂಟುಬೀಳುತ್ತದೆ? ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಟಾಂಜಾನಿಯಾದ ಹೋಟೆಲಿನಲ್ಲಿ ದೋಸೆ ಹುಯ್ಯುತ್ತ ಕಲಿತ ಸ್ವಾಹಿಲಿ ಈಗ ನವಿಮುಂಬಯಿಯಲ್ಲಿ ಅನ್ನ ಹಾಕುತ್ತಿದೆ. ಟಾಂಜಾನಿಯಾದಿಂದ ಇಲ್ಲಿಗೆ ಚಿಕಿತ್ಸೆಗೆ ಬರುವವರಿಗೆ ನಾನೇ ದುಭಾಷಿ. ಈ ಸಲ ಬಂದವರು ಒಬ್ಬ ಶಾಲಾ ಮೇಷ್ಟ್ರು. ಆರು ವರ್ಷದ ಮಗಳ ಹೃದಯದಲ್ಲಿ ತೂತು.

ತೂತು

"ನಿಮ್ಮೂರಲ್ಲೇ ಆಗಲಿಲ್ವಾ?" ಎಂದೆ.

"ಯಂತ್ರ ಬಂದಿದೆಯಲ್ಲ, ಹೊರದೇಶದ ದಾನ! ಮಂತ್ರಿ ಬಂದು ರಿಬ್ಬನ್ ಕತ್ತರಿಸಿದರು. ಪ್ಲಗ್ಗು ಮಾತ್ರ ನಮ್ಮ ಗೋಡೆಗೆ ಹೊಂದಲಿಲ್ಲ. ಈಗ ನರ್ಸುಗಳು ಅದರ ಮೇಲೆ ಕೋಟು ಒಣಗಿಸುತ್ತಾರೆ."

ಮಗಳ ತಲೆ ನೇವರಿಸುತ್ತ ಅಂದರು: "ಮಗಳ ಎದೆಯಲ್ಲಿ ಬೇಡದ ತೂತು, ಆಸ್ಪತ್ರೆಯ ಗೋಡೆಯಲ್ಲಿ ಬೇಕಾದ ತೂತಿಲ್ಲ."

ತುಂಬೊ

ಖಾರಘರದ ಲಾಡ್ಜಿನ ಕೆಳಗೇ ಉಡುಪಿ ಹೋಟೆಲು. ಮೊದಲ ದಿನವೇ ಸಾಂಬಾರಿನ ಖಾರಕ್ಕೆ ಮೇಷ್ಟ್ರ ಹೊಟ್ಟೆ ಹಿಂಡಿತು. ಹೊಟ್ಟೆ ಹಿಡಿದು "ತುಂಬೊ, ತುಂಬೊ" ಎಂದು ನರಳಿದರು. ಸ್ವಾಹಿಲಿಯಲ್ಲಿ ತುಂಬೊ ಅಂದರೆ ಹೊಟ್ಟೆ. ಮಾಲೀಕರು, "ತುಂಬು ಅಂತಿದ್ದಾರೆ, ಪಾಪ" ಎಂದು ಮತ್ತೆರಡು ಸೌಟು ಸುರಿದರು. ನಾನು ಬರುವಷ್ಟರಲ್ಲಿ ನಾಲ್ಕನೇ ತಟ್ಟೆ!

"ಕೇಳಿ ಕೇಳಿ ಉಣ್ಣುವ ಗಿರಾಕಿ ಎಲ್ಲಿ ಸಿಗ್ತಾನೆ ಮಾರಾಯ!" ಎಂದರು ಮಾಲೀಕರು.

ಮರುದಿನ ಆಸ್ಪತ್ರೆಯಲ್ಲಿ ಮಗಳಿಗಿಂತ ಮೊದಲು ಅಪ್ಪನ ಕೇಸ್‌ಪೇಪರ್ ತಯಾರಾಯಿತು.

ಹೋಮ

ಆಪರೇಷನ್‌ಗೆ ಎರಡೇ ದಿನ. ಜ್ವರ ಬಂದರೆ ತಾರೀಕು ಮುಂದೆ ಹೋಗುತ್ತದೆ ಎಂದು ಡಾಕ್ಟರು ಹೆದರಿಸಿದ್ದರು. ವೀಸಾ ಮುಂದೆ ಹೋಗುವಂತಿರಲಿಲ್ಲ. ನಾನು ಬೇರೆ ಕೆಲಸಕ್ಕೆ ದೂರದ ಶಹಾಡ್‌ಗೆ ಹೋಗಿದ್ದ ಹೊತ್ತಲ್ಲೇ ಮಗುವಿನ ಮೈ ಕೆಂಡವಾಯಿತು. ನನ್ನ ಫೋನೂ ಸತ್ತಿತ್ತು. ಮೇಷ್ಟ್ರು ಕೆಳಗೋಡಿ ಮಾಲೀಕರ ಕೈ ಹಿಡಿದರು: "ಹೋಮ! ಹೋಮ!"

ಮಾಲೀಕರ ಕಣ್ಣು ತುಂಬಿತು. "ನಮ್ಮ ಮಕ್ಕಳಿಗೇ ಗೊತ್ತಿಲ್ಲ, ಇವರಿಗೆ ಗೊತ್ತುಂಟು!" ಎಂದವರೇ ಡೊಂಬಿವಲಿಯ ಭಟ್ಟರಿಗೆ ಫೋನ್ ಮಾಡಿದರು.

ನಾನು ಬಂದು ನೋಡಿದರೆ ಲಾಡ್ಜಿನ ರೂಮಿನಲ್ಲಿ ಇಟ್ಟಿಗೆ, ಸಮಿತ್ತು, ಹೊಗೆ. ಮೂಲೆಯಲ್ಲಿ ಮಗು ಕೆಮ್ಮುತ್ತಿದೆ. ಭಟ್ಟರು "ಸ್ವಾಹಾ, ಸ್ವಾಹಾ" ಅನ್ನುತ್ತಿದ್ದಾರೆ. ಮೇಷ್ಟ್ರು ನನ್ನ ಕಿವಿಯಲ್ಲಿ, "ಇವರಿಗೂ ಸ್ವಾಹಿಲಿ ಬರುತ್ತದಾ?"

"ಅಯ್ಯೋ ಭಟ್ರೇ, ಅವರ ಭಾಷೆಯಲ್ಲಿ ಹೋಮ ಅಂದ್ರೆ ಜ್ವರ!"

ಭಟ್ಟರು ತುಪ್ಪದ ಸೌಟು ಕೆಳಗಿಡಲಿಲ್ಲ. "ಮೊದಲೇ ಹೇಳಬಾರದಾ? ಜ್ವರಕ್ಕೆ ಬೇರೆ ಹೋಮ ಉಂಟು."

ಮಗುವನ್ನೆತ್ತಿಕೊಂಡು ರಿಕ್ಷಾದಲ್ಲಿ ಆಸ್ಪತ್ರೆಗೆ ಓಡಿದೆವು. ಜ್ವರ ಇಳಿಯಿತು. ನಾಲ್ಕು ದಿನ ತಡವಾದರೂ, ವೀಸಾ ಮುಗಿಯುವ ಮೊದಲೇ ತೂತು ಮುಚ್ಚಿತು.

ಹೊರಡುವ ದಿನ ಹರಸಲು ಭಟ್ಟರೂ ಬಂದರು. ಮೇಷ್ಟ್ರು ನಗುತ್ತ ನನ್ನಿಂದ ಕೇಳಿಸಿದರು: "ನಮ್ಮೂರಿನ ಆ ಯಂತ್ರ ಶುರುವಾಗಬೇಕಾದರೆ?"

ಭಟ್ಟರು ರೆಪ್ಪೆ ಅಲುಗಿಸದೆ ಅಂದರು: "ಪ್ಲಗ್ಗಿಗೆ ಬೇರೆ ಹೋಮ ಉಂಟು."