ಮೂರನೇ ಕೌಂಟರಿನಲ್ಲಿ ಅರ್ಥ ಹೇಳುವುದನ್ನು ನಿಲ್ಲಿಸುವ ಬಗ್ಗೆ

ಸಾರ್ವಜನಿಕ ಸಾಲಪತ್ರಗಳ ಇಲಾಖೆ
ಪದಬಳಕೆ ಶಾಖೆ, ಎರಡನೇ ಮಹಡಿ (ಲಿಫ್ಟ್ ಕೆಟ್ಟಿದೆ)

ಸಂಖ್ಯೆ: ಸಾಪ/ಪಬ/ಅರ್ಥ-೩/೧೧೭

ಸುತ್ತೋಲೆ

ವಿಷಯ: ಸರ್ಕಾರದ ಸಾಲ ಬಿಕ್ಕಟ್ಟಿಗೆ ಸಂಬಂಧಿಸಿದ ಪದಗಳನ್ನು ಸಾರ್ವಜನಿಕರಿಗೆ ಅರ್ಥವಾಗುವಂತೆ ವಿವರಿಸಿದ ಮೂರನೇ ಕೌಂಟರಿನ ಮಹಿಳಾ ಗುಮಾಸ್ತರನ್ನು ನೆಲಮಾಳಿಗೆಯ ದಾಖಲೆ ಕೊಠಡಿಗೆ ಸ್ಥಳಾಂತರಿಸುವ ಹಾಗೂ ಇನ್ನು ಮುಂದೆ ಇಂತಹ ಅರ್ಥಗಳು ಹೊರಬೀಳದಂತೆ ನೋಡಿಕೊಳ್ಳುವ ಬಗ್ಗೆ.

ಉಲ್ಲೇಖ: ೧. ಈ ಶಾಖೆಯ ಹಿಂದಿನ ಸುತ್ತೋಲೆ (ಯಾರಿಗೂ ಅರ್ಥವಾಗದೆ ಯಶಸ್ವಿಯಾದದ್ದು).
೨. ಸಾಲು ನಿಯಂತ್ರಿಸುವ ಕಾವಲುಗಾರರ ಮೌಖಿಕ ವರದಿ.
೩. ಸದರಿ ಗುಮಾಸ್ತರ ಹೇಳಿಕೆ, ಪುಟ ಒಂದು ಮಾತ್ರ.

ಪ್ರಸ್ತಾವನೆ:

ಸರ್ಕಾರವು ಹತ್ತು ವರ್ಷಗಳ ಹಿಂದೆ ಸಾರ್ವಜನಿಕರಿಂದ ಹಣ ಪಡೆದು ಸಾಲಪತ್ರಗಳನ್ನು ನೀಡಿದ್ದು, ಅವುಗಳ ಅವಧಿ ಮುಗಿದಿರುತ್ತದೆ. ಬೊಕ್ಕಸದ ಸ್ಥಿತಿ ಹೇಳಿಕೊಳ್ಳುವಂತಿಲ್ಲ. ಆದ್ದರಿಂದ ಹಳೆಯ ಪತ್ರಗಳ ಬದಲಿಗೆ ಹೊಸ ಪತ್ರಗಳನ್ನು ಪಡೆಯಲು ಸಂಪೂರ್ಣ ಒಪ್ಪಿಗೆಯಿದೆ ಎಂದು ಪತ್ರದಾರರಿಂದ ನಮೂನೆ ೯ರಲ್ಲಿ ಸಹಿ ಪಡೆಯಲಾಗುತ್ತಿದೆ. ನೂರಕ್ಕೆ ಎಪ್ಪತ್ತೈದು ಮಂದಿ ಸಹಿ ಹಾಕಿದಲ್ಲಿ ಉಳಿದ ಇಪ್ಪತ್ತೈದು ಮಂದಿಯೂ ಒಪ್ಪಿದಂತೆಯೇ ಎಂದು ನಿಯಮವಿದೆ. ಮೊದಲ ಎಂಟು ದಿನ ಕೆಲಸ ನೀರು ಕುಡಿದಷ್ಟು ಸಲೀಸಾಗಿ ನಡೆಯಿತು. ಜನರು ನಮೂನೆಯನ್ನು ಓದಿದರು, ತಲೆ ಕೆರೆದುಕೊಂಡರು, ಸಹಿ ಹಾಕಿದರು.

ಒಂಬತ್ತನೇ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ, ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಆಯಾ ಆಗಿ ದುಡಿದು, ನಿವೃತ್ತಿಯ ಹಣವನ್ನೆಲ್ಲ ಸಾಲಪತ್ರಕ್ಕೆ ಹಾಕಿದ್ದ ವೃದ್ಧೆಯೊಬ್ಬರು ಮೂರನೇ ಕೌಂಟರಿಗೆ ಬಂದು, "ಮಗಳೇ, ಋಣ ಮರುವಿನ್ಯಾಸ ಅಂತ ಬರ್ದಿದೆಯಲ್ಲ, ಹಾಗಂದ್ರೇನು?" ಎಂದು ಕೇಳಿರುತ್ತಾರೆ. ಇಂತಹ ಸಂದರ್ಭದಲ್ಲಿ ನಮೂನೆಯ ಹಿಂಬದಿಯ ವಿವರಣೆಯನ್ನು ಓದಿ ಹೇಳತಕ್ಕದ್ದು. ಸದರಿ ವಿವರಣೆ ಹೀಗಿದೆ: 'ಮರುವಿನ್ಯಾಸವೆಂದರೆ, ವಿನ್ಯಾಸಗೊಂಡ ಋಣವನ್ನು ಋಣ ಸುಸ್ಥಿರತೆಗೆ ಅನುಗುಣವಾಗಿ ಮರಳಿ ವಿನ್ಯಾಸಗೊಳಿಸುವ ಪ್ರಕ್ರಿಯೆಯಾಗಿದ್ದು, ಅದನ್ನೇ ಮರುವಿನ್ಯಾಸ ಎನ್ನಲಾಗುತ್ತದೆ.'

ಗುಮಾಸ್ತರು ಇದನ್ನು ಓದಲಿಲ್ಲ. ಬದಲಿಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಈ ಕೆಳಗಿನಂತೆ ಹೇಳಿರುವುದು ದೃಢಪಟ್ಟಿದೆ: "ಅಮ್ಮಾ, ನೀವು ನೂರು ಕೊಟ್ಟಿದ್ರಿ. ಈಗ ಅರವತ್ತು ಕೊಡ್ತೀವಿ ಅಂತಿದ್ದಾರೆ. ಅದೂ ಈಗಲ್ಲ, ಇನ್ನು ಹನ್ನೆರಡು ವರ್ಷ ಬಿಟ್ಟು. ಅದಕ್ಕೆ ನೀವು ಸಂತೋಷವಾಗಿ ಒಪ್ಕೊಂಡಿದ್ದೀರಿ ಅಂತ ಸಹಿ ಕೇಳ್ತಿದ್ದಾರೆ."

ಎಪ್ಪತ್ತೊಂದು ವರ್ಷದ ಆಯಾ ಅವರು ಬೆರಳು ಮಡಿಚಿ ಲೆಕ್ಕ ಹಾಕಿ, "ಅಷ್ಟೊತ್ತಿಗೆ ನಾನೆಲ್ಲಿರ್ತೀನೋ ಏನೋ, ಅಲ್ಲಿಗೇ ತಂದು ಕೊಡ್ತಾರಂತಾ?" ಎಂದು ಕೇಳಿದ್ದು, ಇದಕ್ಕೆ ಉತ್ತರಿಸಲು ಯಾವ ಸಿಬ್ಬಂದಿಗೂ ಅಧಿಕಾರ ನೀಡಿರುವುದಿಲ್ಲ. ಅವರು ಪೆನ್ನನ್ನು ಕೆಳಗಿಟ್ಟು ಬೆಂಚಿನ ಮೇಲೆ ಕುಳಿತರು. ಹಿಂದೆ ನಿಂತಿದ್ದ ನಲವತ್ಮೂರು ಮಂದಿಯ ಕಿವಿಗೂ ಈ ಮಾತು ಬಿದ್ದಿದ್ದು, ಅಂದು ಮೂರನೇ ಕೌಂಟರಿನಲ್ಲಿ ಒಂದೇ ಒಂದು ಸಹಿಯೂ ಆಗಲಿಲ್ಲ. ಮರುದಿನ ಉಳಿದ ನಾಲ್ಕು ಕೌಂಟರುಗಳ ಜನರೂ ಇದೇ ಸಾಲಿಗೆ ಬಂದು ನಿಂತ ಪರಿಣಾಮ, ಸಾಲು ಬಾಗಿಲು ದಾಟಿ, ಜೆರಾಕ್ಸ್ ಅಂಗಡಿ ದಾಟಿ, ಬಸ್ ನಿಲ್ದಾಣದ ಸಾಲಿನೊಂದಿಗೆ ಬೆರೆತಿದೆ. ಬಸ್ಸಿಗೆಂದು ಬಂದ ಆರು ಮಂದಿ ಕೌಂಟರಿನವರೆಗೂ ಬಂದು, ಎಲ್ಲವನ್ನೂ ತಿಳಿದುಕೊಂಡು ಹೋಗಿದ್ದಾರೆ.

ಸಹಿಗಳ ಪ್ರಮಾಣ ನೂರಕ್ಕೆ ಅರವತ್ತೆಂಟರಲ್ಲಿ ನಿಂತಿದೆ. ಗಡುವಿಗೆ ಆರು ದಿನ ಉಳಿದಿದೆ. ಸದರಿ ಗುಮಾಸ್ತರು ಆ ಕಿಟಕಿಯಲ್ಲಿ ಕುಳಿತಿರುವವರೆಗೆ ಉಳಿದ ಏಳು ಕೂಡಿಬರುವ ಲಕ್ಷಣ ಕಾಣುತ್ತಿಲ್ಲ. ಆದ್ದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ.

೧. 'ಪಾವತಿ ತಡೆ ಅವಧಿ' ಎಂಬ ಪದಕ್ಕೆ ಸದರಿ ಗುಮಾಸ್ತರು "ಸರ್ಕಾರ ಕೈ ಎತ್ತಿದೆ" ಎಂದು ಅರ್ಥ ಹೇಳಿದ್ದು, ಈ ಮಾತನ್ನು ಕಚೇರಿಯ ಆವರಣದಲ್ಲಿ ನಿಷೇಧಿಸಲಾಗಿದೆ. ಕೈ ಎತ್ತುವುದನ್ನೂ ನಿಷೇಧಿಸಲಾಗಿದೆ. ಕಿಟಕಿಯ ಮೇಲಿನ ಚಿಲಕ ತೆಗೆಯಬೇಕಾದ ಸಿಬ್ಬಂದಿಯು 'ಇದು ಚಿಲಕಕ್ಕಾಗಿ' ಎಂದು ಸಾಲಿಗೆ ಕೇಳುವಂತೆ ಘೋಷಿಸಿದ ನಂತರವೇ ಕೈ ಎತ್ತತಕ್ಕದ್ದು.

೨. 'ಸುಸ್ತಿದಾರ' ಎಂಬ ಪದವು ಸಣ್ಣ ಸಾಲಗಾರರಿಗೆ ಮಾತ್ರ ಮೀಸಲು. ಹೊಲಿಗೆ ಯಂತ್ರಕ್ಕೆಂದು ಸಾಲ ಪಡೆದು ಮೂರು ಕಂತು ಕಟ್ಟದವರು ಸುಸ್ತಿದಾರರು. ಅವರ ಭಾವಚಿತ್ರವನ್ನು ಎಂದಿನಂತೆ ಸೂಚನಾ ಫಲಕದಲ್ಲಿ ಅಂಟಿಸುವುದು. ಒಂದೂ ಕಂತು ಕಟ್ಟದ ಸರ್ಕಾರವನ್ನು 'ಮಾತುಕತೆಯಲ್ಲಿ ತೊಡಗಿರುವ ಪಕ್ಷಗಾರ' ಎನ್ನತಕ್ಕದ್ದು. ಭಾವಚಿತ್ರ ಅಂಟಿಸುವಂತಿಲ್ಲ.

೩. ಹಳೆಯ ಸಾಲದ ಬಡ್ಡಿ ಕಟ್ಟಲು ಹೊಸ ಸಾಲ ಎತ್ತುವುದನ್ನು 'ಮರುಹಣಕಾಸು' ಎನ್ನಲಾಗುತ್ತದೆ. ಇದನ್ನು ಗುಮಾಸ್ತರು "ಇವನ ಟೋಪಿ ಅವನಿಗೆ, ಅವನ ಟೋಪಿ ಇವನಿಗೆ" ಎಂದು ವಿವರಿಸಿರುತ್ತಾರೆ. ಆ ವೇಳೆ ಸಾಲಿನಲ್ಲಿದ್ದ ನಾಲ್ವರು ತಮ್ಮ ಟೋಪಿಗಳನ್ನು ತೆಗೆದು ಚೀಲದಲ್ಲಿಟ್ಟುಕೊಂಡದ್ದು ವರದಿಯಾಗಿದೆ. ಇನ್ನು ಮುಂದೆ ಟೋಪಿ ಧರಿಸಿ ಬರುವವರಿಗೆ ಪ್ರತ್ಯೇಕ ಸಾಲು ಇರುವುದು ಮತ್ತು ಟೋಪಿ ಅವರದ್ದೇ ಎಂಬ ಬಗ್ಗೆ ರಸೀದಿ ನೀಡಲಾಗುವುದು.

೪. 'ಶ್ರೇಯಾಂಕ ಇಳಿಕೆ'. ಗುಮಾಸ್ತರ ವಿವರಣೆ: "ನಮ್ಮ ಮುಖ ನೋಡಿದ ತಕ್ಷಣ ಅಂಗಡಿಯವರು 'ಸಾಲ ಕೇಳಬೇಡಿ' ಅನ್ನೋ ಬೋರ್ಡನ್ನ ನಮ್ಮ ಕಡೆ ತಿರುಗಿಸ್ತಾರಲ್ಲ, ಅದು." ಈ ಬಗ್ಗೆ ಶಾಖೆಯಲ್ಲಿ ಚರ್ಚೆಯಾಗಿ, ವಿವರಣೆಯಲ್ಲಿ ತಪ್ಪೇನೂ ಕಂಡುಬಾರದ ಕಾರಣ, ಇದನ್ನು ಗಂಭೀರವಾಗಿ ಪರಿಗಣಿಸಲಾಗಿದೆ.

೫. 'ಮಿತವ್ಯಯ ಕ್ರಮ'ಗಳ ವಿಷಯದಲ್ಲಿ "ಕಡಿತ ಮಾಡೋದು ಅವರ ಕಾರಿನ ಪೆಟ್ರೋಲ್ ಅಲ್ಲಮ್ಮ, ನಿಮ್ಮ ಬಿ.ಪಿ. ಮಾತ್ರೆ, ಹೊಟ್ಟೆಗೆ ತಣ್ಣೀರು ಬಟ್ಟೆ ನಮಗೆ ಮಾತ್ರ" ಎಂದು ಹೇಳಿರುವುದು ಸತ್ಯಕ್ಕೆ ದೂರವಾಗಿದೆ. ಮಿತವ್ಯಯವು ಎಲ್ಲರಿಗೂ ಸಮಾನ. ನಿದರ್ಶನವಾಗಿ, ಕೌಂಟರುಗಳ ಐದೂ ಫ್ಯಾನುಗಳನ್ನು ನಿಲ್ಲಿಸಲಾಗಿದೆ. ಎರಡನೇ ಮಹಡಿಯಲ್ಲಿ ತಿರುಗುತ್ತಿರುವುದು ಫ್ಯಾನ್ ಅಲ್ಲ, ವಾಯು ಸಂಚಾರ ವ್ಯವಸ್ಥೆ.

೬. ವಿವರಣೆ ಕೇಳಿ "ಓಹೋ", "ಹಾಗೋ" ಅಥವಾ "ಅಯ್ಯೋ" ಎಂದ, ಅಥವಾ ಮಾತಿಲ್ಲದೆ ತಲೆಯಾಡಿಸಿದ ಸಾರ್ವಜನಿಕರಿಗೆ ಅರ್ಥವಾಗಿದೆ ಎಂದು ಭಾವಿಸತಕ್ಕದ್ದು. ಅಂತಹವರನ್ನು ತಕ್ಷಣ ಕೊಠಡಿ ೧೨ಕ್ಕೆ ಕರೆದೊಯ್ದು, ಹಿರಿಯ ಅಧಿಕಾರಿಗಳಿಂದ ಅದೇ ವಿಷಯಕ್ಕೆ ಮತ್ತೊಮ್ಮೆ ವಿವರಣೆ ಕೊಡಿಸುವುದು. ಅರ್ಥವು ಪೂರ್ತಿ ಹೋಗುವವರೆಗೆ ಅವರನ್ನು ಬಿಡುವಂತಿಲ್ಲ. ಇದಕ್ಕಾಗಿ ಇಪ್ಪತ್ತು ನಿಮಿಷ ನಿಗದಿಪಡಿಸಲಾಗಿದೆ. ಅನುಭವದಲ್ಲಿ ನಾಲ್ಕು ನಿಮಿಷ ಸಾಕಾಗಿದೆ.

೭. 'ಮರುವಿನ್ಯಾಸ'ದ ನಿಜವಾದ ಅರ್ಥವನ್ನು ನಿರ್ಧರಿಸಲು ಐವರು ಹಿರಿಯ ಅಧಿಕಾರಿಗಳ ಸಮಿತಿ ರಚಿಸಲಾಗಿತ್ತು. ಮೂರು ಸಭೆಗಳಲ್ಲಿ ನಾಲ್ಕು ಅರ್ಥಗಳು ಬಂದವು. ಐದನೆಯವರು ರಜೆಯಲ್ಲಿದ್ದರು. ಯಾರಿಗೂ ತಲೆಬುಡ ತಿಳಿಯದ ಕಡತವನ್ನು ಮೂರನೇ ಕೌಂಟರಿಗೆ ಕಳಿಸುವುದು ಈ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ, ಅಂದರೆ ಸದರಿ ಗುಮಾಸ್ತರು ಸೇವೆಗೆ ಸೇರಿದಂದಿನಿಂದ, ನಡೆದು ಬಂದ ಪದ್ಧತಿ. ಯಾರ ಗಮನಕ್ಕೂ ಬಾರದೆ ಈ ಕಡತವೂ ಅಲ್ಲಿಗೇ ಹೋಗಿ, ಊಟದ ವಿರಾಮಕ್ಕೆ ಮುಂಚೆಯೇ, ಅಂಚಿನಲ್ಲಿ ಪೆನ್ಸಿಲ್‌ನಿಂದ ಎರಡು ಸಾಲು ಬರೆಸಿಕೊಂಡು ವಾಪಸಾಯಿತು. ಸಮಿತಿಯು ಅದನ್ನು ಧನ್ಯವಾದಗಳೊಂದಿಗೆ ಅಂಗೀಕರಿಸಿದೆ. ಆ ಎರಡು ಸಾಲುಗಳನ್ನು ಅವರ ವಿರುದ್ಧದ ಸಾಕ್ಷ್ಯವಾಗಿಯೂ ಸೇರಿಸಲಾಗಿದೆ.

೮. ಸದರಿ ಗುಮಾಸ್ತರು ತಮ್ಮ ಹೇಳಿಕೆಯಲ್ಲಿ, "ಸಾರ್, ನಮ್ಮಮ್ಮ ಯಾರೋ ತೋರಿಸಿದ ಕಡೆಯೆಲ್ಲ ಹೆಬ್ಬೆಟ್ಟು ಒತ್ತಿ ಮನೆ ಕಳ್ಕೊಂಡ್ರು. ಒಬ್ರೂ ಓದಿ ಹೇಳ್ಲಿಲ್ಲ. ಕೇಳಿದವರಿಗೆ ಅರ್ಥ ಹೇಳಬಾರದು ಅಂತ ನನ್ನ ನೇಮಕಾತಿ ಪತ್ರದಲ್ಲೆಲ್ಲೂ ಬರ್ದಿಲ್ಲ" ಎಂದು ತಿಳಿಸಿರುತ್ತಾರೆ. ನೇಮಕಾತಿ ಪತ್ರವನ್ನು ಪರಿಶೀಲಿಸಲಾಗಿ, ಬರೆದಿಲ್ಲವೆಂಬುದು ನಿಜ. ಸದರಿ ಪತ್ರವನ್ನು ಇಪ್ಪತ್ತೆರಡು ವರ್ಷ ಹಿಂದಿನಿಂದಲೇ ಜಾರಿಗೆ ಬರುವಂತೆ ತಿದ್ದುಪಡಿ ಮಾಡಲಾಗಿದೆ. ಹೇಳಿಕೆ ಬರೆದುಕೊಳ್ಳುವಾಗ ಈ ಶಾಖೆಯ ಅಧೀಕ್ಷಕರಿಗೆ ನಾಚಿಕೆಯಾಯಿತು. ಇದನ್ನು ಬೇರೆಲ್ಲೂ ದಾಖಲಿಸಲು ಅವಕಾಶವಿಲ್ಲದ ಕಾರಣ ಇಲ್ಲಿ ನಮೂದಿಸಲಾಗಿದೆ.

೯. ದಾಖಲೆ ಕೊಠಡಿಗೆ ಕಿಟಕಿಯಿಲ್ಲ, ಸಾರ್ವಜನಿಕರಿಗೆ ಪ್ರವೇಶವಿಲ್ಲ. ಗುಮಾಸ್ತರು ತಮ್ಮ ಊಟದ ಡಬ್ಬಿ, ಕುರ್ಚಿಗೆ ಹಾಕುವ ದಿಂಬು ಮತ್ತು ಕನ್ನಡಕವನ್ನು ಕೊಂಡೊಯ್ಯಬಹುದು. ಅಲ್ಲಿನ ಕಡತಗಳಿಗೆ ಅರ್ಥ ಹೇಳುವುದಕ್ಕೆ ಇಲಾಖೆಯ ಆಕ್ಷೇಪಣೆ ಇರುವುದಿಲ್ಲ.

೧೦. ತೆರವಾಗುವ ಕೌಂಟರಿಗೆ ಅರ್ಹರನ್ನು ಆರಿಸಲು ಲಿಖಿತ ಪರೀಕ್ಷೆ ನಡೆಸಲಾಗಿದೆ. ಮೇಲಿನ ಯಾವ ಪದದ ಅರ್ಥವನ್ನೂ ಬರೆಯಲಾಗದವರು ಉತ್ತೀರ್ಣರು. ಪದಬಳಕೆ ಶಾಖೆಯ ಇಡೀ ಸಿಬ್ಬಂದಿ ಪ್ರಥಮ ಸ್ಥಾನ ಹಂಚಿಕೊಂಡಿರುವುದರಿಂದ ಚೀಟಿ ಎತ್ತಲಾಗುವುದು.

೧೧. ಈ ಸುತ್ತೋಲೆಯು ನಿರ್ದೇಶಕರ ಸಹಿಯಾದ ಕ್ಷಣದಿಂದ ಜಾರಿಗೆ ಬರುತ್ತದೆ. ಸಹಿ ವಿಳಂಬವಾಗಿರುವ ಬಗ್ಗೆ ವಿಚಾರಣೆಗಳು ಬರುತ್ತಿರುವುದರಿಂದ ಕಾರಣವನ್ನು ಇಲ್ಲಿಯೇ ಸ್ಪಷ್ಟಪಡಿಸಲಾಗಿದೆ. ನಿರ್ದೇಶಕರು ಈ ತಿಂಗಳ ಕೊನೆಗೆ ನಿವೃತ್ತರಾಗಲಿದ್ದಾರೆ. ನಿವೃತ್ತರಾಗುವ ನೌಕರರ ಹಣವನ್ನೂ ಹೊಸ ಸಾಲಪತ್ರಗಳಲ್ಲೇ ನೀಡುವಂತೆ ಮೊನ್ನೆ ಮೇಲಿನಿಂದ ಆದೇಶ ಬಂದಿದ್ದು, ಅವರ ಮೇಜಿಗೂ ಒಂದು ನಮೂನೆ ೯ ತಲುಪಿದೆ. ನಿರ್ದೇಶಕರು ಅದನ್ನು ಎರಡು ಬಾರಿ ಓದಿದರು. ಸಮಿತಿಯನ್ನು ಕೇಳಲಿಲ್ಲ, ಕೊಠಡಿ ೧೨ಕ್ಕೂ ಹೋಗಲಿಲ್ಲ. ಎರಡು ಮಹಡಿ ಇಳಿದು, ನಲ್ಲಿ ರಿಪೇರಿಯವರೊಬ್ಬರ ಹಿಂದೆ ಸಾಲಿನಲ್ಲಿ ನಿಂತರು. ಯಾರೋ ಗುರುತಿಸಿ ದಾರಿ ಬಿಟ್ಟಾಗ "ಇರ್ಲಿ, ಬರ್ತೀನಿ" ಎಂದು ನಿಂತಲ್ಲೇ ನಿಂತರು. ಅವರ ಸರದಿ ಬರಲು ಒಂದೂವರೆ ಗಂಟೆ ಹಿಡಿಯಿತು. ಕಿಟಕಿಯ ಬಳಿ ಹನ್ನೊಂದು ನಿಮಿಷ ಇದ್ದರು. ಕಾವಲುಗಾರರಿಗೆ ಕೇಳಿಸಿದ್ದು ಕೊನೆಯ ಎರಡು ಮಾತು ಮಾತ್ರ.

ನಿರ್ದೇಶಕರು: "ಅಂದ್ರೆ, ನಂಗೂ ಹೀಗೇನಾ?"

ಗುಮಾಸ್ತರು: "ಎಲ್ರಿಗೂ ಒಂದೇ ಸಾರ್."

೧೨. ಮೇಲಿನ ಎಲ್ಲ ಅಂಶಗಳನ್ನು ಚಾಚೂ ತಪ್ಪದೆ ಪಾಲಿಸತಕ್ಕದ್ದೆಂದು, ಸಹಿಗೆ ಒಳಪಟ್ಟು, ಈ ಮೂಲಕ ಸೂಚಿಸಲಾಗಿದೆ.

(ಸಹಿಗಾಗಿ ಮೂರು ಬಾರಿ ಮಂಡಿಸಲಾಗಿದೆ. ಸಹಿಯ ಜಾಗದಲ್ಲಿ ಸ್ವಹಸ್ತದಿಂದ ಬರೆದಿರುವುದನ್ನು ಯಥಾವತ್ತಾಗಿ ಟೈಪ್ ಮಾಡಲಾಗಿದೆ.)

ಓದಿದೆ. ಅರ್ಥವಾಯಿತು. ಹಾಕುವುದಿಲ್ಲ.

ನಿರ್ದೇಶಕರು
ಸಾರ್ವಜನಿಕ ಸಾಲಪತ್ರಗಳ ಇಲಾಖೆ

ಪ್ರತಿಗಳು:

೧. ಬೊಕ್ಕಸದ ಮುಖ್ಯಾಧಿಕಾರಿಗಳಿಗೆ: ಸಹಿಗಳ ಪ್ರಮಾಣ ಅರವತ್ತೆಂಟರಿಂದ ಅರವತ್ನಾಲ್ಕಕ್ಕೆ ಇಳಿದಿದೆ. ಹಿಂದೆ ಸಹಿ ಹಾಕಿದ್ದವರು ಬಂದು ತಮ್ಮ ಸಹಿಯನ್ನು ಹೊಡೆದುಹಾಕುತ್ತಿದ್ದಾರೆ. ಮುಂದಿನ ಕ್ರಮಕ್ಕಾಗಿ.

೨. ಕೊಠಡಿ ೧೨ರ ಹಿರಿಯ ಅಧಿಕಾರಿಗಳಿಗೆ: ಬೀಗ ಹಾಕಿಕೊಳ್ಳುವುದು.

೩. ಕಾವಲುಗಾರರಿಗೆ: ಸಾಲಿನಲ್ಲಿ ಬಸ್ಸಿನವರನ್ನು ಬೇರ್ಪಡಿಸುವುದನ್ನು ಕೈಬಿಡಬಹುದು. ಅವರಲ್ಲಿಯೂ ಹಲವರ ಬಳಿ ಸಾಲಪತ್ರಗಳಿವೆ.

೪. ನಿವೃತ್ತ ಆಯಾ ಅವರಿಗೆ: ಹಣವನ್ನು ಆಗ ತಾವಿರುವಲ್ಲಿಗೇ ತಂದು ಕೊಡುತ್ತಾರೆಯೇ ಎಂಬ ತಮ್ಮ ಪ್ರಶ್ನೆಗೆ ಈ ಇಲಾಖೆಯಲ್ಲಿ ಇಂದಿಗೂ ಉತ್ತರವಿಲ್ಲ. ಈ ಬಗ್ಗೆ ಇಲಾಖೆಗೆ ಬೇಸರವಿದೆ. ತಾವು ಕೊಟ್ಟದ್ದು ನೂರು ಎಂಬುದನ್ನು ಇಲಾಖೆ ಒಪ್ಪುತ್ತದೆ.

೫. ಅಧೀಕ್ಷಕರ ಪತ್ನಿಯವರಿಗೆ, ಮನೆಯ ವಿಳಾಸಕ್ಕೆ: ಬೀರುವಿನಲ್ಲಿರುವ ನಮ್ಮ ಎರಡು ಸಾಲಪತ್ರಗಳನ್ನೂ ತೆಗೆದುಕೊಂಡು ಮೂರನೇ ಕೌಂಟರಿಗೆ ಬೇಗ ಬರುವುದು. ಹತ್ತೂವರೆಯ ಮೇಲೆ ಬಂದರೆ ಬಿಸಿಲಿನಲ್ಲಿ ನಿಲ್ಲಬೇಕಾಗುತ್ತದೆ.

೬. ಮೂರನೇ ಕೌಂಟರಿನ ಗುಮಾಸ್ತರಿಗೆ: ಕಿಟಕಿಯನ್ನು ನಾಳೆ ಹತ್ತು ಗಂಟೆಗೆ ತೆರೆಯುವುದು.