ಹಳೇ ಸ್ಟ್ಯಾಂಡಿಗೆ ಬಾರದ ವಿಮಾನ

ಪ್ರಯಾಣದ ವಿಷಯದಲ್ಲಿ ತನಗೆ ಬುದ್ಧಿ ಹೇಳುವವನು ಇನ್ನೂ ಹುಟ್ಟಿಲ್ಲ ಎಂಬುದು ಕೊಟ್ಟೂರಿನ ಜವಳಿ ವ್ಯಾಪಾರಿ ನಾಗೇಂದ್ರಪ್ಪನ ಘೋಷಣೆ. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳ ಬಸ್ ಸ್ಟ್ಯಾಂಡುಗಳನ್ನೆಲ್ಲ ಅರೆದು ಕುಡಿದ ಮಹಾನುಭಾವ! ಇಂಥವನಿಗೆ ಹೆಂಡತಿಯ ತಮ್ಮ ಬಸವೇಶ ಮುಂಬೈಯಿಂದ ಫೋನಿನಲ್ಲಿ ಪಾಠ ಹೇಳಿದರೆ ಮೈ ಉರಿಯದೆ ಇದ್ದೀತೇ?

ಬೆಂಗಳೂರಿನ ವಿಮಾನಗಳೆಲ್ಲ ದೇವನಹಳ್ಳಿಗೆ ಗುಳೆ ಹೋದ ಎರಡು ಸಾವಿರದ ಎಂಟರ ಮಳೆಗಾಲವದು. ಬಸವೇಶನ ಮಗಳ ನಾಮಕರಣ. ಕೂಸಿನ ಕಿವಿಯಲ್ಲಿ ಹೆಸರು ಕೂಗಬೇಕಾದವಳು ಸೋದರತ್ತೆ, ಅಂದರೆ ನಾಗೇಂದ್ರಪ್ಪನ ಹೆಂಡತಿ ನೀಲಗಂಗಮ್ಮ. ಅವಳಿಲ್ಲದೆ ಶಾಸ್ತ್ರವೇ ಇಲ್ಲ. ಅದಕ್ಕೇ ವಿಮಾನದ ಟಿಕೆಟ್ ಕಳಿಸಿ, "ಮಾವಾರೆ, ಹಳೇ ಏರ್‌ಪೋರ್ಟಿಗೆ ಹೋಗಬ್ಯಾಡ್ರಿ, ಹೊಸದಕ್ಕ ಹೋಗ್ರಿ" ಎಂದಿದ್ದ.

ಬೆಂಗಳೂರಿನಲ್ಲಿ ಬಸ್ಸಿಳಿದದ್ದೇ ನಾಗೇಂದ್ರಪ್ಪ ಆಟೋದವನಿಗೆ, "ಹಳೇ ಏರ್‌ಪೋರ್ಟಿಗೆ ನಡಿಯಪ್ಪ" ಎಂದ.

"ರೀ, ತಮ್ಮ ಹೊಸದಕ್ಕ ಅಂದಾನ!"

"ನಿನಗ ಲೋಕಜ್ಞಾನ ಇಲ್ಲ ಬಿಡು. ಹೊಸ ಸ್ಟ್ಯಾಂಡ್ ಬಿಟ್ಟ ಗಾಡಿ ಹಳೇ ಸ್ಟ್ಯಾಂಡಿಗೆ ಬರದಂಗ ಹೋಗ್ತೈತೇನು? ಊರ ಹೊರಗ ಹೋಗಿ ಯಾಕ ಸಾಯೋದು? ಊರಾಗ ಹತ್ತಿದ್ರಾತು!"

"ಅದು ವಿಮಾನ ಐತ್ರೀ..."

"ವಿಮಾನದವರಿಗೆ ಪ್ಯಾಸೆಂಜರ್ ಬ್ಯಾಡೇನು?"

ಹಳೇ ನಿಲ್ದಾಣ ಭಣಗುಟ್ಟುತ್ತಿತ್ತು. ಗೇಟಿನ ಕಾವಲುಗಾರ, "ಎಲ್ಲಾ ದೇವನಹಳ್ಳಿಯಿಂದ ಸಾರ್" ಎಂದ.

"ಗೊತ್ತೈತಿ. ಅಲ್ಲಿ ಬಿಟ್ಟು ಇಲ್ಲಿಗೆ ಎಷ್ಟೊತ್ತಿಗೆ ಬರ್ತೈತಿ, ಅಷ್ಟು ಹೇಳು."

ಕಾವಲುಗಾರ ಒಳಗಿದ್ದ ಇನ್ನೊಬ್ಬನನ್ನು ಕೂಗಿ ಕರೆದ. "ಸಾರ್, ಅದನ್ನ ಇವನಿಗೂ ಒಂದ್ಸಲ ಹೇಳಿ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೂ ನಮ್ಮ ಮಹಾನುಭಾವನ ಮೀಸೆ ಇಳಿಯಲಿಲ್ಲ. "ಎಷ್ಟು ದೂರ?" ಎಂದು ಗದರಿದ.

"ನಲವತ್ತು ಕಿಲೋಮೀಟರ್."

"ಅಷ್ಟೇನಾ! ಕೊಟ್ಟೂರಿಂದ ಹರಪನಹಳ್ಳಿಗೆ ಹೋದಂಗಾತು. ಒಂದು ತಾಸು ಭಾಳಾತು!"

ಟ್ಯಾಕ್ಸಿ ಹಿಡಿದು ತಾಸು ಕಳೆದರೂ ಊರೊಳಗಿನ ಹೆಬ್ಬಾಳವನ್ನೇ ಮುಟ್ಟಲಿಲ್ಲ. ಮುಂದೆ ಲಾರಿ, ಹಿಂದೆ ಲಾರಿ, ನಡುವೆ ನಾಗೇಂದ್ರಪ್ಪನ ಲೋಕಜ್ಞಾನ!

"ಮುಂಬೈಗೆ ಎಷ್ಟೊತ್ತಪ್ಪ?" ನೀಲಗಂಗಮ್ಮ ಚಾಲಕನನ್ನು ಕೇಳಿದಳು.

"ಒಂದೂವರೆ ಗಂಟೆ ಅಮ್ಮ."

"ಮತ್ತ ದೇವನಹಳ್ಳಿಗೆ?"

"ಅದನ್ನ ಸಿಗ್ನಲ್ ಹೇಳಬೇಕು."

"ಕೂಸಿನ ಕಿವ್ಯಾಗ ಯಾರು ಹೆಸರು ಕೂಗ್ತಾರ್ರೀ ಈಗ?" ಅವಳ ಕಣ್ಣು ತುಂಬಿತು. ಗಂಡ ಮೊದಲ ಬಾರಿಗೆ ಬಾಯಿ ಮುಚ್ಚಿಕೊಂಡು ಕೂತ. ಅಷ್ಟು ಬುದ್ಧಿ ಮುಂಜಾನೆಯೇ ಬಂದಿದ್ದರೆ ಏನು ಹೋಗುತ್ತಿತ್ತೋ!

ಅಂತೂ ಹೊಸ ನಿಲ್ದಾಣ ಹತ್ತಿರವಾಯಿತು ಎನ್ನುವಾಗ ತಲೆಯ ಮೇಲೆ ಗುಡುಗಿದಂತಾಯಿತು. ಚಾಲಕ ಗಡಿಯಾರ ನೋಡಿ, "ನಿಮ್ಮದೇ ಇರಬೇಕು ಸಾರ್" ಎಂದ.

ನಾಗೇಂದ್ರಪ್ಪನ ಬಲಗೈ ತಾನಾಗಿ ಕಿಟಕಿಯಿಂದ ಹೊರಬಿದ್ದು ಮೇಲೆದ್ದಿತು.

ನೀಲಗಂಗಮ್ಮ ಕಣ್ಣೊರೆಸಿಕೊಂಡು ಗಂಡನ ಕಡೆ ತಿರುಗಿದಳು.

"ಇನ್ನೊಂದೀಟು ಮ್ಯಾಲೆತ್ರಿ. ಕಂಡಕ್ಟರಿಗೆ ಕಾಣಬೇಕಲ್ಲ!"