ಮಾವ್ಶಿಯ ನಾಲ್ಕನೇ ಸೀಟು

ನಮ್ಮ ಮಾವ್ಶಿ ಸ್ವರ್ಗಕ್ಕೆ ಹೋಗುವ ದಿನ ಅಲ್ಲಿ ದೊಡ್ಡ ಗಲಾಟೆಯಾಗಲಿದೆ. ಹೋಗುವ ವಿಷಯದಲ್ಲಿ ಅವರಿಗೆ ಎಳ್ಳಷ್ಟೂ ಅನುಮಾನವಿಲ್ಲ. ಈಗಾಗಲೇ ಅಲ್ಲಿರುವವರಿಗೆ ಸ್ವಲ್ಪ ಭಯವಿರಬಹುದು, ಅಷ್ಟೇ. ಬಾಗಿಲಲ್ಲಿ ಬೀಗದಕೈ ಗೊಂಚಲು ಹಿಡಿದು ನಿಂತ ಸಂತ ಪೇತ್ರರು "ಹೆಸರು?" ಎಂದು ಕೇಳುವುದರೊಳಗೆ ಇವರು ಅವರ ಭುಜಕ್ಕೆ ಎರಡು ಬೆರಳಿನಿಂದ ತಟ್ಟಿ, "ಜರಾ ಸರ್ಕೋ" ಎಂದಿರುತ್ತಾರೆ. ಸಂತ ಪೇತ್ರರು ಸರಿದಿರುತ್ತಾರೆ! ಆ ಎರಡು ಬೆರಳಿಗೆ ಸರಿಯದವರನ್ನು ನಾನಂತೂ ಇದುವರೆಗೆ ಕಂಡಿಲ್ಲ.

ಮಾವ್ಶಿ ಎಂದರೆ ನನ್ನ ಅಮ್ಮನ ತಂಗಿ. ಮಂಗಳೂರಿನಿಂದ ಚಿಕ್ಕ ಪ್ರಾಯದಲ್ಲೇ ಮುಂಬಯಿಗೆ ಬಂದು, ಫೋರ್ಟಿನ ಒಂದು ಕಂಪನಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದು ನಿವೃತ್ತರಾದವರು. ಮದುವೆಯಾಗಲಿಲ್ಲ. ಜೋಗೇಶ್ವರಿಯಲ್ಲಿ ನಮ್ಮ ಪಕ್ಕದ ಬಿಲ್ಡಿಂಗಿನಲ್ಲೇ ಅವರ ಒಂದು ಕೋಣೆಯ ಮನೆ. ಅರ್ಧ ಆಯಸ್ಸು ಲೋಕಲ್ಲಿನ ಲೇಡೀಸ್ ಡಬ್ಬದಲ್ಲಿ ಕಳೆದಿದೆ. ಅವರ ಧರ್ಮಶಾಸ್ತ್ರವೂ ಪೂರ್ತಿ ಅಲ್ಲಿಂದಲೇ ಬಂದಿದೆ.

ಮುಂಬಯಿಯ ಹೊರಗಿನವರಿಗೆ ಒಂದು ಮಾತು ಹೇಳಬೇಕು. ನಮ್ಮ ಲೋಕಲ್ಲಿನ ಬೆಂಚನ್ನು ರೈಲ್ವೆಯವರು ಮಾಡಿದ್ದು ಮೂರು ಜನರಿಗೆ. ಆದರೆ ಕೂರುವುದು ನಾಲ್ಕು ಜನ. ನಾಲ್ಕನೆಯವಳು ಬಂದು ನಿಂತರೆ ಮೂವರೂ ಒಂದಿಷ್ಟು ಸರಿಯುತ್ತಾರೆ. ಅವಳು ಅರ್ಧ ದೇಹ ಬೆಂಚಿನ ಮೇಲೆ, ಅರ್ಧ ದೇಹ ಗಾಳಿಯಲ್ಲಿ ಇಟ್ಟುಕೊಂಡು ಕೂರುತ್ತಾಳೆ. ಎಲ್ಲೂ ಬರೆದಿಟ್ಟ ಕಾನೂನಲ್ಲ, ಆದರೆ ನಡೆದುಕೊಂಡು ಬಂದಿದೆ. "ಮೂವರನ್ನು ಕೂರಿಸೋದು ರೈಲ್ವೆ, ನಾಲ್ಕನೆಯವಳನ್ನು ಕೂರಿಸೋದು ದೇವರ ಕರುಣೆ" ಎನ್ನುವುದು ಮಾವ್ಶಿಯ ಸಿದ್ಧಾಂತ. ಅವರ ಮಟ್ಟಿಗೆ ಇದರ ಮುಂದೆ ಉಳಿದ ಉಪದೇಶವೆಲ್ಲ ಅನೌನ್ಸ್‌ಮೆಂಟು!

ಇನ್ನು ನಾನು. ಮಾವ್ಶಿಗೆ ಭಕ್ತಿ ಹೇಗೋ ನನಗೆ ಚಿಂತೆ ಹಾಗೆ: ದಿನಕ್ಕೆ ಮೂರು ಹೊತ್ತು, ಹಬ್ಬದ ದಿನ ತುಸು ಜಾಸ್ತಿ. ಲೋಕಲ್ ತಡವಾದರೆ ಎಲ್ಲೋ ಏನೋ ಆಗಿದೆ ಎಂಬ ಚಿಂತೆ. ಸಮಯಕ್ಕೆ ಸರಿಯಾಗಿ ಬಂದರೆ ಇದು ಹಿಂದಿನದ್ದೇ ಇರಬೇಕು, ನಮ್ಮದು ರದ್ದಾಗಿದೆ ಎಂಬ ಚಿಂತೆ. ಇಂಥ ಚಿಲ್ಲರೆಗಳ ನಡುವೆ ಒಂದು ಇಡಿಗಂಟಿನ ಚಿಂತೆಯೂ ಇದೆ. ನಮ್ಮವರು ಉಡುಪಿ ಕಡೆಯ ಹಿಂದೂ. ಸ್ಟೇಶನ್ನಿನ ಹತ್ತಿರ ಅವರದೊಂದು ಸಣ್ಣ ಹೋಟೆಲು. ಬಿಷಪರ ಅನುಮತಿ ಪಡೆದು ಚರ್ಚಿನಲ್ಲೇ ಮದುವೆಯಾದೆವು. ಅವರು ಅವರಾಗಿಯೇ ಉಳಿದರು, ನಾನು ನಾನಾಗಿಯೇ. ಪ್ರತಿ ಭಾನುವಾರ ನನ್ನನ್ನು ಸ್ಕೂಟರಿನಲ್ಲಿ ಚರ್ಚಿನ ಪೂಜೆಗೆ ಕರೆದುಕೊಂಡು ಹೋಗುತ್ತಾರೆ. ನಾನು ಒಳಗೆ, ಅವರು ಹೊರಗೆ, ಬಾದಾಮಿ ಮರದಡಿ ಪೇಪರ್ ಓದುತ್ತಾ. ಇಲ್ಲಿಯಾದರೆ ಒಂದು ಗಂಟೆಯ ಮಾತು. ಆದರೆ ಅಲ್ಲಿ? ಅನಂತಕಾಲ ನಾನು ಒಳಗೆ, ಅವರು ಹೊರಗೆ? ಅಷ್ಟು ಉದ್ದದ ಪೇಪರನ್ನು ಯಾರು ಪ್ರಿಂಟ್ ಮಾಡುತ್ತಾರೆ?

ಒಬ್ಬ ಫಾದರ್ ಬಳಿ ಹೇಳಿಕೊಂಡೆ. "ದೇವರ ಕರುಣೆ ದೊಡ್ಡದಮ್ಮಾ" ಎಂದರು. ಎಷ್ಟು ದೊಡ್ಡದು ಎಂದು ಕೇಳಲು ಧೈರ್ಯ ಸಾಲಲಿಲ್ಲ. ಹಿಂದೆ ಜನ ಬೇರೆ ನಿಂತಿದ್ದರು. ಮನೆಗೆ ಬಂದು ಮಾವ್ಶಿಯನ್ನು ಕೇಳಿದೆ.

"ಎಷ್ಟು ದೊಡ್ಡದು ಅಂದ್ರೆ? ಬೆಂಚಿನಷ್ಟು!" ಎಂದರು ಮಾವ್ಶಿ.

ನನ್ನ ಚಿಂತೆ ಕಡಿಮೆಯಾಗಲಿಲ್ಲ. ಬೆಂಚಿಗೂ ಒಂದು ತುದಿ ಇದೆಯಲ್ಲ?

ಒಮ್ಮೆ ಅವರ ಜೊತೆ ಲೋಕಲ್ಲಿನಲ್ಲಿ ಹೋಗಿದ್ದೆ. ಒಂದು ಬೆಂಚಿನ ತುದಿಯಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಕಾಲು ಚಾಚಿ ಒಬ್ಬ ಹುಡುಗಿ ಕೂತಿದ್ದಳು. ಮಾವ್ಶಿ ಎರಡು ಬೆರಳು ತಟ್ಟಿದರು. ಅವಳು ಅಲ್ಲಾಡಲಿಲ್ಲ. ಮತ್ತೆ ತಟ್ಟಿದರು. ಊಹೂಂ. ಬೇರೆಯವರಾದರೆ ಜಗಳ ಶುರು ಮಾಡುತ್ತಿದ್ದರು. ಮಾವ್ಶಿ ಬ್ಯಾಗಿನಿಂದ ಜಪಸರ ತೆಗೆದರು! ಡಬ್ಬದವರಿಗೆಲ್ಲ ಕೇಳುವಂತೆ ಹಿಂದಿಯಲ್ಲಿ, "ಹೇ ಪ್ರಭೂ, ಈ ಬೇಟಿಯ ಸೊಂಟ ಹಿಡಿದುಕೊಂಡಿದೆ. ಇಷ್ಟು ಸಣ್ಣ ಪ್ರಾಯ, ಪಾಪ, ಒಂದು ಇಂಚು ಸರಿಯಲಿಕ್ಕೆ ಆಗ್ತಾ ಇಲ್ಲ. ದಯಮಾಡಿ ಗುಣ ಮಾಡು" ಎಂದು ಪ್ರಾರ್ಥಿಸತೊಡಗಿದರು. ಮೀನಿನ ಬುಟ್ಟಿಯವಳು ಮೊದಲು ನಕ್ಕಳು, ಆಮೇಲೆ ಇಡೀ ಡಬ್ಬ. ಹುಡುಗಿ ಕೆಂಪಾಗಿ ಸರಿದಳು. "ಗುಣವಾಯ್ತು! ಸ್ತುತಿ!" ಎಂದು ಮಾವ್ಶಿ ಕೂತರು. ದಾದರ್ ಬರುವಷ್ಟರಲ್ಲಿ ಅದೇ ಹುಡುಗಿ ಅವರ ಭುಜಕ್ಕೆ ಒರಗಿ ಗಾಢ ನಿದ್ದೆ.

ತಮಾಷೆ ಅದಲ್ಲ. ಅವಳು ಇಳಿದದ್ದೇ ತಡ, ಮಾವ್ಶಿ ಎದ್ದು ತಮ್ಮ ಜಾಗವನ್ನು ಮತ್ತೊಬ್ಬಳಿಗೆ ಕೊಟ್ಟುಬಿಟ್ಟರು.

"ಹಾಗಿದ್ರೆ ಅಷ್ಟೆಲ್ಲ ಯುದ್ಧ ಯಾಕೆ ಮಾಡಿದ್ದು?" ಎಂದೆ.

"ಜಾಗ ನಂಗೆ ಬೇಕಿತ್ತು ಅಂತ ಯಾರು ಹೇಳಿದ್ದು ಬಾಯೆ?"

ಕೆಲಸದಿಂದ ನಿವೃತ್ತರಾದ ಮೇಲೆ ಮಾವ್ಶಿ ಚರ್ಚಿನಲ್ಲಿ ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಕಲಿಸಲು ಸೇರಿದರು. ಆ ನೌಕರಿ ಹೆಚ್ಚು ದಿನ ಬಾಳಲಿಲ್ಲ. ತ್ರಿತ್ವದ ಪಾಠ ಬಂದಿತ್ತು. ತಂದೆ, ಮಗ, ಪವಿತ್ರಾತ್ಮ. ಮೂವರಾಗಿದ್ದೂ ಒಬ್ಬರೇ ಆದದ್ದು ಹೇಗೆ? ದೊಡ್ಡ ದೊಡ್ಡ ಪಂಡಿತರು ಬೆವರಿದ ವಿಷಯ. ಮಾವ್ಶಿ ಬೋರ್ಡಿನ ಮೇಲೆ ಲೋಕಲ್ಲಿನ ಬೆಂಚು ಬರೆದರು. ಕಿಟಕಿಯ ಪಕ್ಕ ತಂದೆ. ನಡುವೆ ಮಗ. ಈಚೆಗೆ ಪವಿತ್ರಾತ್ಮ. "ಈಗ ಹೇಳಿ ಮಕ್ಕಳೇ, ಮೂವರಿಗೆ ಮಾಡಿದ ಬೆಂಚು. ನಾಲ್ಕನೇ ಸೀಟು ಯಾರದ್ದು?"

"ನಮ್ದು!" ಎಂದು ಇಡೀ ಕ್ಲಾಸು ಕೂಗಿದ ಹೊತ್ತಿಗೆ ಸರಿಯಾಗಿ ಹೊಸ ಪ್ಯಾರಿಷ್ ಫಾದರ್ ಬಾಗಿಲಿಗೆ ಬಂದಿದ್ದರು. ಬೋರ್ಡನ್ನು ನೋಡಿದರು. ಬಹಳ ಹೊತ್ತು ನೋಡಿದರು. ಪವಿತ್ರಾತ್ಮರು ಹಿಡಿದುಕೊಂಡಿದ್ದ, ಡಬ್ಬದ ಛಾವಣಿಯಿಂದ ನೇತಾಡುವ ಹಿಡಿಕೆಯನ್ನೂ ನೋಡಿದರು.

"ಇದು ಯಾವ ಪುಸ್ತಕದಲ್ಲಿದೆ ಟೀಚರ್?"

"ಪುಸ್ತಕದಲ್ಲಿ ಇಲ್ಲ ಫಾದರ್, ಚರ್ಚ್‌ಗೇಟ್ ಸ್ಲೋ ಲೋಕಲ್ಲಿನಲ್ಲಿ ಇದೆ."

ಮುಂದಿನ ವಾರದಿಂದ ಮಾವ್ಶಿಯನ್ನು ಹೂವಿನ ಅಲಂಕಾರಕ್ಕೆ ಹಾಕಿದರು. ಆದರೆ ಅದೇ ಫಾದರ್ ನಂತರದ ಒಂದು ಭಾನುವಾರದ ಪ್ರವಚನದಲ್ಲಿ, ದೇವರೊಡನೆ ಒಂದಾಗುವುದು ಎಂದರೆ ನಾವು ಏರಿ ಹೋಗುವುದಲ್ಲ, ಅವರು ಸರಿದು ನಮಗೆ ಜಾಗ ಕೊಡುವುದು ಎಂದರು. ಮಾವ್ಶಿ ನನ್ನ ಪಕ್ಕೆಗೆ ಮೊಣಕೈಯಿಂದ ಎಂಥ ತಿವಿತ ಕೊಟ್ಟರೆಂದರೆ, ನಾನು ಎರಡು ದಿನ ಎಕ್ಸ್‌ರೇ ಬಗ್ಗೆ ಚಿಂತಿಸಿದೆ.

ಹೂವಿನ ಕೆಲಸ ಮುಗಿಸಿ ಮಾವ್ಶಿ ಕೈಹಾಕಿದ್ದು ಚರ್ಚಿನ ಬೆಂಚುಗಳಿಗೆ. ಹಿಂದೆ ನಿಂತವರನ್ನೆಲ್ಲ ಎಳೆದು ತಂದು ಕೂರಿಸುವುದು. ಆರು ಜನರ ಬೆಂಚಿನಲ್ಲಿ ಎಂಟು ಜನ, ಕ್ರಿಸ್ಮಸ್ಸಿಗೆ ಒಂಬತ್ತು. ಮೊಣಕಾಲೂರುವಾಗ ಯಾವ ಮೊಣಕಾಲು ಯಾರದ್ದೋ. ಹೊರಗಿದ್ದ ವಾಚ್‌ಮನ್, ಮೇಣದಬತ್ತಿ ಮಾರುವವಳು, ಮಳೆಗೆ ಆಸರೆ ಬಯಸಿ ಬಂದ ಕೊರಿಯರ್‌ನವನು, ಎಲ್ಲರೂ ಒಳಗೆ. ಉಳಿದವರು ನಮ್ಮವರೊಬ್ಬರೇ, ಬಾದಾಮಿ ಮರದಡಿ.

"ಪುತಾ, ಒಳಗೆ ಬಾ. ಜಾಗ ಮಾಡ್ತೇನೆ." ಮಗನೇ ಎನ್ನುವ ಕೊಂಕಣಿಯ ಆ 'ಪುತಾ' ಒಂದನ್ನು ಬಿಟ್ಟರೆ ಮಾವ್ಶಿ ನಮ್ಮವರ ಜೊತೆ ಯಾವಾಗಲೂ ಕನ್ನಡದಲ್ಲೇ ಮಾತಾಡುವುದು.

"ಬೇಡ ಮಾವ್ಶಿ. ಸ್ಕೂಟರ್ ಯಾರಾದ್ರೂ ತಕೊಂಡು ಹೋದ್ರೆ?"

"ಆ ಸ್ಕೂಟರನ್ನಾ? ತಕೊಂಡು ಹೋದವನಿಗೋಸ್ಕರ ನಾನೇ ಪ್ರಾರ್ಥನೆ ಮಾಡ್ಬೇಕಾದೀತು!"

"ಹಾಗಲ್ಲ ಮಾವ್ಶಿ. ನಿಮ್ಮದು ಡ್ರಿಲ್ ಉಂಟಲ್ಲ, ಅದು ನಂಗೆ ಬರುದಿಲ್ಲ ಮಾರಾಯ್ತಿ. ನಾನು ನಿಲ್ಲುವಾಗ ನೀವೆಲ್ಲ ಕೂತಿರ್ತೀರಿ. ನಾನು ಕೂತ್ರೆ ನೀವು ಮೊಣಕಾಲಲ್ಲಿ. ಕಳೆದ ಕ್ರಿಸ್ಮಸ್ಸಿಗೆ ಇಡೀ ಚರ್ಚಿನಲ್ಲಿ ನಾನೊಬ್ಬನೇ ನಿಂತಿದ್ದೆ. ಫಾದರ್ ನಂಗೇನೋ ಪ್ರಶ್ನೆ ಉಂಟು ಅಂತ ತಿಳಿದ್ರು!"

ಮಾವ್ಶಿ ಸೋಲಲಿಲ್ಲ, ಇವರೂ ಸೋಲಲಿಲ್ಲ. ಭಾನುವಾರಗಳು ಉರುಳಿದವು. ನನ್ನ ಚಿಂತೆ ಮಾತ್ರ ಬಾದಾಮಿ ಮರದ ಹಾಗೆ ಅಲ್ಲೇ ಬೆಳೆಯುತ್ತಿತ್ತು.

ನವೆಂಬರಿನಲ್ಲಿ ಸತ್ತವರ ಹಬ್ಬಕ್ಕೆ ನಾವು ಮೂವರೂ ಸಿಮಿತ್ರಿಗೆ, ಎಂದರೆ ಚರ್ಚಿನ ಸ್ಮಶಾನಕ್ಕೆ, ಹೋಗುತ್ತೇವೆ. ಹೂವು, ಮೇಣದಬತ್ತಿ ಹೊರಲು ನಮ್ಮವರು. ಈ ಊರಿನಲ್ಲಿ ಬದುಕಿದ್ದಾಗ ಜಾಗವಿಲ್ಲ, ಸತ್ತ ಮೇಲೂ ಅಷ್ಟೇ. ಗೋರಿಯಲ್ಲಿ ಕೆಲವು ವರ್ಷ ಮಲಗಬಹುದು. ಆಮೇಲೆ ಮೂಳೆಗಳನ್ನು ತೆಗೆದು ಗೋಡೆಯಲ್ಲಿ ಒಂದು ಸಣ್ಣ ಗೂಡಿನಲ್ಲಿ ಇಡುತ್ತಾರೆ. ನಮ್ಮ ಕುಟುಂಬಕ್ಕೂ ಅಂಥದೊಂದು ಗೂಡಿದೆ. ಅಜ್ಜಿ, ಅಜ್ಜ, ನನ್ನ ಅಮ್ಮ, ಎಲ್ಲರೂ ಅದರಲ್ಲೇ. ಮಾವ್ಶಿ ಪ್ರಾರ್ಥನೆ ಮುಗಿಸಿ, ಗೂಡಿನ ಕಲ್ಲಿನ ಮೇಲೆ ಗೇಣು ಹಾಕಿ ಅಳೆದರು. "ನಮ್ಮಮ್ಮ ಜೀವ ಇರುವಾಗ್ಲೂ ಇಡೀ ಮಂಚ ತಕೊಳ್ತಿದ್ಲು. ಅಮ್ಮಾ, ಸ್ವಲ್ಪ ಸರಿ" ಎಂದು ಕಲ್ಲಿಗೆ ಎರಡು ಬೆರಳು ತಟ್ಟಿದರು. ನಂತರ ನಮ್ಮವರ ಕಡೆ ತಿರುಗಿ, ಸಿನಿಮಾಕ್ಕೆ ಕರೆದಷ್ಟು ಸಲೀಸಾಗಿ, "ನೀನೂ ಇಲ್ಲೇ ಬರ್ತೀಯಲ್ಲ ಪುತಾ?" ಎಂದರು.

ಇಷ್ಟು ವರ್ಷ ನಾನು ನಮ್ಮವರನ್ನು ಬಾಯಿಬಿಟ್ಟು ಕೇಳದೆ ಬಚ್ಚಿಟ್ಟುಕೊಂಡ ಪ್ರಶ್ನೆಯನ್ನು ಮಾವ್ಶಿ ಚೆಂಡುಹೂವಿನ ಬುಟ್ಟಿಯ ಎದುರೇ ಕೇಳಿಬಿಟ್ಟರಲ್ಲ!

ನಮ್ಮವರು ಗಂಟಲು ಸರಿಮಾಡಿಕೊಂಡು, "ನಮ್ಮದು ಬೂದಿ ಅಲ್ವಾ ಮಾವ್ಶಿ" ಎಂದರು ಮೆತ್ತಗೆ.

ಮಾವ್ಶಿಯ ಮುಖ ಅರಳಿತು. "ಒಳ್ಳೇದೇ ಆಯ್ತಲ್ಲ! ಬೂದಿಗೆ ಎಷ್ಟು ಜಾಗ ಬೇಕು? ಒಂದು ಡಬ್ಬಿ! ನಿನ್ನ ಹೆಂಡತಿಯದ್ದೇ ನಂಗೆ ಚಿಂತೆ, ದಪ್ಪ ಮೂಳೆ ಅವಳದ್ದು."

ಅಕ್ಕಪಕ್ಕದ ಗೂಡಿನವರೆಲ್ಲ ಪ್ರಾರ್ಥನೆ ನಿಲ್ಲಿಸಿ ತಿರುಗಿ ನೋಡುವಷ್ಟು ನಕ್ಕೆವು. ಆದರೆ ಮನೆಗೆ ಬಂದ ಮೇಲೆ ನಾನು ಮತ್ತೆ ಶುರು ಮಾಡಿದೆ. ಮೂಳೆ, ಬೂದಿಯ ವಿಷಯ ಬಗೆಹರಿಯಿತು ಎಂದೇ ಇಟ್ಟುಕೊಳ್ಳೋಣ. ಆತ್ಮದ ಕಥೆ?

ಈ ವರ್ಷದ ಮಳೆಗಾಲದಲ್ಲಿ ಮಾವ್ಶಿ ಬಿದ್ದರು. ಹತ್ತಬಾರದ ಸ್ಟೂಲು ಹತ್ತಿ, ದೇವಮಾತೆಯ ಮೂರ್ತಿಯ ಹಿಂದೆ ಧೂಳು ಒರೆಸಲು ಹೋಗಿದ್ದರಂತೆ. "ಮಾತೆಗೆ ಸರಿ ಅಂದೆ, ನಾನೇ ಸರಿದೆ" ಎಂದರು ಆಂಬುಲೆನ್ಸಿನಲ್ಲಿ. ಸೊಂಟದ ಮೂಳೆಗೆ ಆಪರೇಶನ್ ಆಗಿ, ರಾಡು ಹಾಕಿಸಿಕೊಂಡು ನಮ್ಮ ಮನೆಗೆ ಬಂದರು. ಹಾಲ್‌ನಲ್ಲೇ ಅವರ ಮಂಚ. ಬೆಳಿಗ್ಗೆ ಹೋಟೆಲಿನಿಂದ ಇಡ್ಲಿ ತಂದು ನಮ್ಮವರೇ ತಿನ್ನಿಸುವುದು. ಸಾಂಬಾರಿಗೆ ಬೆಲ್ಲ ಜಾಸ್ತಿ ಎಂದು ಬೈಸಿಕೊಳ್ಳುವುದೂ ಅವರೇ. ಆದರೂ ಮಾವ್ಶಿ ಸಪ್ಪಗಾಗಿದ್ದರು. ಪೂಜೆಯಲ್ಲಿ ದೇವರೇ ನಮ್ಮೊಳಗೆ ಬರುತ್ತಾರೆಂದು ನಂಬಿ ಸ್ವೀಕರಿಸುವ ಪರಮಪ್ರಸಾದವಿಲ್ಲದೆ ಅಷ್ಟು ಭಾನುವಾರಗಳನ್ನು ಅವರು ಯಾವತ್ತೂ ಕಳೆದವರಲ್ಲ.

ಕೊನೆಗೆ ಒಂದು ಶುಕ್ರವಾರ ಫಾದರೇ ಮನೆಗೆ ಪರಮಪ್ರಸಾದ ತರುವುದೆಂದಾಯಿತು. ಬೋರ್ಡು ನೋಡಿ ಬೆಚ್ಚಿದ ಅದೇ ಫಾದರ್. ನಾನು ಸಣ್ಣ ಮೇಜಿಗೆ ಬಿಳಿ ಬಟ್ಟೆ ಹಾಸಿ, ಶಿಲುಬೆಯಿಟ್ಟು, ಮೇಣದಬತ್ತಿ ಹಚ್ಚಿದೆ. ಫ್ಯಾನಿನ ಗಾಳಿಗೆ ಆರುತ್ತದೋ ಎಂದು ಫ್ಯಾನ್ ಆರಿಸಿದೆ. ಸೆಖೆಗೆ ಮಾವ್ಶಿಗೆ ತಲೆಸುತ್ತು ಬಂದರೆ ಎಂದು ಮತ್ತೆ ಹಾಕಿದೆ. ಫಾದರ್ ಒಳಗೆ ಬಂದದ್ದೇ ನಮ್ಮವರು ಸದ್ದಿಲ್ಲದೆ ಚಪ್ಪಲಿಯ ಕಡೆ ಹೊರಟು, ಅಭ್ಯಾಸಬಲದಿಂದ ಹೊಸ್ತಿಲಾಚೆ ನಿಂತರು. ಕೈಯಲ್ಲಿ ಪೇಪರೂ ಇತ್ತು!

ಫಾದರ್ ಪ್ರಾರ್ಥನೆ ಹೇಳಿದರು. ಕುತ್ತಿಗೆಯಲ್ಲಿ ತೂಗುತ್ತಿದ್ದ ಸಣ್ಣ ಕರಂಡಿಕೆಯಿಂದ ಪರಮಪ್ರಸಾದ ತೆಗೆದು ಎತ್ತಿ ಹಿಡಿದರು.

"ಒಂದು ನಿಮಿಷ ಫಾದರ್" ಎಂದರು ಮಾವ್ಶಿ.

ಅವರಿಗೆ ಹಾರ್ಟ್ ಅಟ್ಯಾಕ್ ಎಂದೇ ನನಗೆ ಅನಿಸಿತು. ಅವರ ಮುಖ ಬಿಗಿದುಕೊಂಡಿತ್ತು. ಎರಡೂ ಕೈಯಲ್ಲಿ ಮಂಚದ ಅಂಚು ಹಿಡಿದು, ಹಲ್ಲು ಕಚ್ಚಿ, ರಾಡು ಹಾಕಿದ ಆ ಸೊಂಟವನ್ನು ಒಂದಿಷ್ಟು, ಇನ್ನೊಂದಿಷ್ಟು, ಗೋಡೆಯ ಕಡೆಗೆ ಎಳೆದುಕೊಂಡರು. ನಾಲ್ಕು ಬೆರಳಿನಷ್ಟು ಜಾಗವಾಯಿತು. ಹಣೆಯ ಮೇಲೆ ಬೆವರು. ಆ ಜಾಗವನ್ನು ಅಂಗೈಯಿಂದ ತಟ್ಟಿದರು.

ನಾನು ಕೂರಲು ಹೋದೆ.

"ನೀನಲ್ಲ ಬಾಯೆ." ಕಣ್ಣು ಹೊಸ್ತಿಲ ಕಡೆ. "ಪುತಾ, ಬಾ. ಸರಿದಿದ್ದೇನೆ."

ಈ ಸಲ ಸ್ಕೂಟರ್ ಇರಲಿಲ್ಲ, ಡ್ರಿಲ್ ಇರಲಿಲ್ಲ. ನಮ್ಮವರು ಪೇಪರನ್ನು ಹೊರಗೇ ಬಿಟ್ಟು ಬಂದು, ಅರ್ಧ ಮಂಚದ ಮೇಲೆ, ಅರ್ಧ ಗಾಳಿಯಲ್ಲಿ ಕೂತರು. ಮಾವ್ಶಿ ಅವರ ಕೈ ಹಿಡಿದುಕೊಂಡರು. ಆಮೇಲೆ ಕಣ್ಣು ಮುಚ್ಚಿ, ಬಾಯಿ ತೆರೆದು, ಪರಮಪ್ರಸಾದ ಸ್ವೀಕರಿಸಿದರು. ಹಿಡಿದ ಕೈ ಬಿಡಲಿಲ್ಲ.

ಕರಂಡಿಕೆಯನ್ನು ಮುಚ್ಚಿ ಫಾದರ್ ಮೆಲ್ಲಗೆ ಕೇಳಿದರು: "ಅಷ್ಟು ನೋವಿನಲ್ಲಿ ಸರಿಯೋದು ಬೇಕಿತ್ತಾ ಟೀಚರ್?"

"ಬೇಕಲ್ಲ ಫಾದರ್. ದೇವರು ನನ್ನೊಳಗೆ ಬರುವಾಗ ಪಕ್ಕದಲ್ಲಿ ಯಾರಿದ್ದಾರೆ ಅಂತ ನೋಡ್ತಾರಲ್ಲ? ಇವನನ್ನು ತೋರಿಸಿದೆ. ದಿನಾ ಇಡ್ಲಿ ತಿನ್ನಿಸೋನು ಇವನೇ, ಮುಖ ನೆನಪಿಟ್ಕೋ ಅಂದೆ." ಕಣ್ಣು ತೆರೆಯದೆಯೇ ಮತ್ತೆ, "ಸಾಂಬಾರಿನ ವಿಷಯ ಹೇಳ್ಲಿಲ್ಲ" ಎಂದರು.

ಫಾದರ್ ಹೋದರು. ಮೇಣದಬತ್ತಿ ಉರಿಯುತ್ತಲೇ ಇತ್ತು. ಫ್ಯಾನಿಗೂ ಅದು ಆರಿರಲಿಲ್ಲ. ಮಾವ್ಶಿ ನಮ್ಮವರ ಭುಜಕ್ಕೆ ತಲೆಯಿಟ್ಟು, ದಾದರ್ ಬಂದರೂ ಏಳದ ಆ ಹುಡುಗಿಯ ಹಾಗೆ ನಿದ್ದೆ ಹೋಗಿದ್ದರು. ಅವರನ್ನು ಎಬ್ಬಿಸಬಾರದೆಂದು ಇವರು ಆ ಅರ್ಧ ಸೀಟಿನಲ್ಲೇ ಕಲ್ಲಿನಂತೆ ಕೂತಿದ್ದರು. ಹೋಟೆಲಿನಿಂದ ಫೋನು ಬಂತು, ತೆಗೆಯಲಿಲ್ಲ. ನಾನು ಮಂಚದ ಪಕ್ಕ ನಿಂತೇ ಇದ್ದೆ. ಕೋಣೆಯಲ್ಲಿ ಎರಡು ಕುರ್ಚಿಗಳಿದ್ದವು, ಯಾಕೋ ಬೇಕೆನಿಸಲಿಲ್ಲ.

ನಮ್ಮವರು ನನ್ನ ಕಡೆ ನೋಡಲೂ ಇಲ್ಲ. ಮಾವ್ಶಿಯ ತಲೆ ಅಲುಗದಂತೆ, ಬಹಳ ಜಾಗ್ರತೆಯಿಂದ, ಒಂದಿಷ್ಟು ಸರಿದರು.

"ಕೂತ್ಕೋ ಮಾರಾಯ್ತಿ," ಎಂದರು, "ಜಾಗ ಉಂಟು."